ಸೌಲನ ಪಾರ್ಟು

ಶಿವನಪ್ಪ ಕೇಳಿದ್ದು ಒಂದೇ ಮಾತು.

“ಇದರಾಗ ರಾಜ ಯಾರ್ರಿ?”

“ಸೌಲ” ಎಂದರು ಪಾಸ್ಟರ್ ದೇವಪುತ್ರಪ್ಪ.

“ಹಂಗಾರ ಸೌಲನ ಪಾರ್ಟು ನಂದು.”

ಮುಗಿಯಿತು. ಕಥೆಯ ತಲೆ ಯಾವುದು, ಬಾಲ ಯಾವುದು, ಕೊನೆಗೆ ಗೆದ್ದವರಾರು, ಬಿದ್ದವರಾರು, ಒಂದನ್ನಾದರೂ ಕೇಳಬೇಡವೇ ಮನುಷ್ಯ? ಕೇಳಲಿಲ್ಲ. ಯಾಕೆ ಕೇಳಬೇಕು? ಯಾವಗಲ್ಲಿನ ದೊಡ್ಡಾಟದ ಮೇಳದಲ್ಲಿ ಇಪ್ಪತ್ತೈದು ವರ್ಷದಿಂದ ರಾಜನ ಪಾರ್ಟು ಅವನದೇ. ದುರ್ಯೋಧನ ಅವನೇ, ಕಂಸ ಅವನೇ, ರಾವಣ ಅವನೇ. ದೊಡ್ಡಾಟದಲ್ಲಿ ರಾಜ ಎಂದರೆ ಅರ್ಧ ಆಟ. ಕಿರೀಟ ಅವನದು, ಭುಜಕೀರ್ತಿ ಅವನದು, ಅಟ್ಟದ ಹಲಗೆ ಮುರಿಯುವ ಹಾಗೆ ಕುಣಿಯುವ ಹಕ್ಕೂ ಅವನದು. ದುರ್ಯೋಧನ ಕೊನೆಗೆ ಸಾಯುತ್ತಾನೆ, ಖರೆ. ಆದರೆ ಬೆಳಗಿನ ಜಾವ ಚಾಪೆ ಮಡಚಿಕೊಂಡು ಮನೆಗೆ ಹೋಗುವ ಮಂದಿ ಭೀಮನ ಸುದ್ದಿ ಎತ್ತುತ್ತಾರೆಯೇ? “ಏನ ಕುಣದಾನ್ಪಾ ಶಿವನಪ್ಪ!” ಅನ್ನುತ್ತಾರೆ. ಶಿವನಪ್ಪನಿಗೆ ಅಷ್ಟು ಸಾಕು. ಗೊಬ್ಬರದ ಅಂಗಡಿಯ ಗಲ್ಲೆಯ ಮೇಲೆ ಕೂತಾಗಲೂ ಅವನು ಗಿರಾಕಿಯನ್ನು “ಏನು ಬಂದ ಕಾರಣ?” ಎಂದು ಕೇಳುವ ಧಾಟಿ, ಒಡ್ಡೋಲಗದಲ್ಲಿ ಮಂತ್ರಿಯನ್ನು ಕೇಳಿದ ಹಾಗೇ ಇರುತ್ತಿತ್ತು.

ಪಾಸ್ಟರ್ ದೇವಪುತ್ರಪ್ಪ ಗಜೇಂದ್ರಗಡದ ಒಂದು ಸಣ್ಣ ಕ್ರೈಸ್ತ ಸಭೆಯವರು. ಎಳವೆಯಿಂದಲೂ ದೊಡ್ಡಾಟದ ಹುಚ್ಚು. ಈ ಸಲದ ಸುಗ್ಗಿಯ ಹಬ್ಬಕ್ಕೆ ತಮ್ಮ ಧರ್ಮಗ್ರಂಥದ ಹಳೆಯ ಭಾಗದಿಂದ, ಯೆಹೂದ್ಯರ ಕಾಲದ ಒಂದು ಕಥೆ ಎತ್ತಿಕೊಂಡು, ಮಾತು ಪದ ಎಲ್ಲವನ್ನೂ ದೊಡ್ಡಾಟದ ಮಟ್ಟಿನಲ್ಲಿ ತಾವೇ ಕಟ್ಟಿ, ಮೋಟರ್ ಸೈಕಲ್ ಹತ್ತಿ ಯಾವಗಲ್ಲಿಗೆ ಬಂದಿದ್ದರು. ಪಾರ್ಟು ಹಂಚಿದ್ದಾಯಿತು. ಗೊಲ್ಯಾತನೆಂಬ ರಾಕ್ಷಸನಂಥ ವೈರಿಯ ಪಾರ್ಟು ಗರಡಿಮನೆಯ ಕನಕಪ್ಪನಿಗೆ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಉಳಿದದ್ದು ದಾವೀದ ಎನ್ನುವ ಕುರಿ ಕಾಯುವವನ ಪಾರ್ಟು. ಕಿರೀಟವಿಲ್ಲ, ಗೆಜ್ಜೆಯಿಲ್ಲ, ಹೆಗಲಿಗೊಂದು ಕಂಬಳಿ, ಕೈಯಲ್ಲೊಂದು ಕವಣೆ. ಒಬ್ಬರೂ ಬೇಕೆನ್ನಲಿಲ್ಲ. “ನಮ್ಮ ಬಸ್ಯಾಗ ಕೊಡ್ರಿ, ಅಂವಾ ಏನ್ ಕೊಟ್ರೂ ಮಾಡತಾನ” ಎಂದವನೂ ಶಿವನಪ್ಪನೇ! ತನ್ನ ಕೈಯಾರೆ ಕೊಟ್ಟ. ಆಮೇಲೆ ಯಾರ ಮೇಲೆ ಸಿಟ್ಟು ಮಾಡುವುದು?

ಬಸ್ಯಾ ಶಿವನಪ್ಪನ ಅಕ್ಕನ ಮಗ. ಹೊಳೆಆಲೂರಿನಲ್ಲಿ ಮಲಪ್ರಭೆ ಮನೆಯೊಳಗೆ ನುಗ್ಗಿದ ವರ್ಷ ತಾಯಿ ಮಗ ಇಬ್ಬರೂ ಯಾವಗಲ್ಲಿಗೆ ಬಂದವರು, ಇಲ್ಲೇ ನಿಂತರು. ಶಿವನಪ್ಪನ ಮನೆಯಲ್ಲೇ ಉಂಡು ಬೆಳೆದ. ಈಗ ಇಪ್ಪತ್ತಾರರ ಗಂಡು, ಡೇರಿಯಲ್ಲಿ ಹಾಲು ಅಳೆಯುತ್ತಾನೆ. ಹೆಜ್ಜೆ ಕಲಿಸಿದವನು ಶಿವನಪ್ಪ, ತಾಳ ಕಲಿಸಿದವನು ಶಿವನಪ್ಪ. ಈ ತನಕ ಅವನಿಗೆ ಸಿಕ್ಕ ಪಾರ್ಟುಗಳೆಂದರೆ ದೂತ, ಬಾಗಿಲು ಕಾಯುವವ, ಒಮ್ಮೆ ಮಾತಿಲ್ಲದ ನಂದಿ.

ಮೊದಲ ತಾಲೀಮಿನ ದಿನ ಹಳೆಯ ಚಾವಡಿಯಲ್ಲಿ ಪಾಸ್ಟರ್ ಕಥೆ ಓದತೊಡಗಿದರು. ಕಣಿವೆಯ ಆ ಕಡೆ ವೈರಿಗಳ ದಂಡು. ಗೊಲ್ಯಾತ ದಿನಾ ಹೊರಬಂದು ‘ನಿಮ್ಮಲ್ಲಿ ಗಂಡಸು ಇದ್ದರೆ ಬರಲಿ’ ಎಂದು ಕೂಗುತ್ತಾನೆ. ಶಿವನಪ್ಪ ಮೀಸೆಗೆ ಕೈ ಹಾಕಿದ.

“ಆಗ ರಾಜ ಏನ ಮಾಡತಾನ್ರಿ?”

“ಹೆದರಿ ನಿಂದರತಾನ.”

“ಯಾರು?”

“ಸೌಲ.”

“ನಾನು?”

“ನೀವಲ್ರಿ, ಸೌಲ” ಎಂದರು ಪಾಸ್ಟರ್. ಕನಕಪ್ಪನಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಕೆಟ್ಟಿತಲ್ಲ ಕೆಲಸ! ಕುರಿ ಕಾಯುವವನು ಬಂದು ಒಂದು ಕಲ್ಲಿನಿಂದ ಗೊಲ್ಯಾತನನ್ನು ಕೆಡವುತ್ತಾನೆ. ರಾಜ ತನ್ನ ಕವಚ, ಶಿರಸ್ತ್ರಾಣ ಎಲ್ಲ ತೊಡಿಸಿದರೆ, ‘ಇದರಲ್ಲಿ ನನಗೆ ನಡೆಯಲಾಗದು’ ಎಂದು ಅವನು ಕಳಚಿ ಇಡುತ್ತಾನೆ. ಊರ ಹೆಂಗಸರು ರಾಜನ ಎದುರಿಗೇ ದಾವೀದನ ಹೆಸರು ಕಟ್ಟಿ ಹಾಡುತ್ತಾರೆ. ರಾಜನಿಗೆ ಹೊಟ್ಟೆಕಿಚ್ಚು ಹತ್ತುತ್ತದೆ. ತನ್ನ ಮುಂದೆ ಹಾಡುತ್ತ ಕೂತ ದಾವೀದನ ಮೇಲೆ ಈಟಿ ಒಗೆಯುತ್ತಾನೆ. ಅವನು ತಪ್ಪಿಸಿಕೊಳ್ಳುತ್ತಾನೆ.

“ಅಂದ್ರ ಒಗೆದ್ರೂ ತಾಕೂದಿಲ್ಲ?” ಶಿವನಪ್ಪನ ದನಿ ಇಳಿದಿತ್ತು. “ರಾಜ ಅಂದಮ್ಯಾಲ ಒಂದ್ಸಲನಾದ್ರೂ ಗೆಲ್ಲಬೇಕಲ್ರಿ. ಸ್ವಲ್ಪ ತಿದ್ದಿ ಬರೀರಿ.”

“ದೇವರ ಮಾತು ನಾ ಹ್ಯಾಂಗ ತಿದ್ದಲಿ? ಆ ಮಂದಿ, ಉಳಿದವರ ಹಂಗ ನಮಗೂ ರಾಜ ಬೇಕು, ದಂಡು ಬೇಕು ಅಂತ ಹಟ ಹಿಡಿದ್ರು. ಸಿಕ್ಕ. ಎತ್ತರದ ಆಳು, ಚೆಲುವ. ಕೈಯಾಗ ಯಾವಾಗಲೂ ಈಟಿ. ಊಟಕ್ಕ ಕುಂತ್ರೂ ಈಟಿ, ಮಲಗಿದ್ರೂ ತಲಿದಿಂಬಿನ ಕಡೆ ಈಟಿ. ಅದರ ಮ್ಯಾಲ ಭರವಸಿ ಇಟ್ಟ, ಕೊಟ್ಟ ದೇವರನ್ನ ಮರೆತ. ನಮ್ಮ ಗಜೇಂದ್ರಗಡದ ಕೋಟಿ ನೋಡ್ರಿ. ಎಂಥಾ ಗೋಡಿ! ಒಳಗ ಈಗ ಯಾರದಾರ? ಆಡು ಮೇಯತಾವ.”

ಪಾಸ್ಟರ್ ಹೇಳಿದ್ದರಲ್ಲಿ ಶಿವನಪ್ಪನ ಕಿವಿಗೆ ಬಿದ್ದದ್ದು ಎರಡೇ ಮಾತು: ಎತ್ತರದ ಆಳು, ಕೈಯಲ್ಲಿ ಯಾವಾಗಲೂ ಈಟಿ. ಇರಲಿ, ಅದರಲ್ಲೇ ತೋರಿಸುತ್ತೇನೆ ಎಂದುಕೊಂಡ.

ಆದರೆ ತಾಲೀಮು ನಡೆದ ಹಾಗೆಲ್ಲ ಕಣ್ಣಿಗೆ ಕಂಡದ್ದು ಬೇರೆ. ಬಸ್ಯಾ ಹಾಡತೊಡಗಿದರೆ ಚಾವಡಿಯ ಕಟ್ಟೆಯ ಮೇಲೆ ಇಸ್ಪೀಟು ಆಡುವವರು ಎಲೆ ಕೆಳಗಿಡುತ್ತಿದ್ದರು. ಇವನ ಗಂಟಲಲ್ಲಿ ಇದು ಎಲ್ಲಿತ್ತು ಇಷ್ಟು ದಿನ? ದೂತನ ಪಾರ್ಟಿನಲ್ಲಿ ‘ಅಪ್ಪಣೆ ಪ್ರಭು’ ಎನ್ನುವುದಕ್ಕಿಂತ ಹೆಚ್ಚಿನ ಮಾತೇ ಇರಲಿಲ್ಲವಲ್ಲ, ಯಾರಿಗೆ ಗೊತ್ತಾಗಬೇಕು! ಜಂಗ್ಲಿಸಾಬ ಮೇಳದ ಸಾರಥಿ, ಅಟ್ಟಕ್ಕೆ ಬಂದ ಪಾತ್ರವನ್ನು ಮಾತಾಡಿಸಿ ಆಟ ನಡೆಸಿಕೊಂಡು ಹೋಗುವವನು. ಯಾರನ್ನೂ ಸುಮ್ಮನೆ ಹೊಗಳುವ ಪೈಕಿ ಅಲ್ಲ. ಅವನೂ ಒಂದು ಸಂಜೆ ತಾಳ ಕೆಳಗಿಟ್ಟು, “ಬಸಣ್ಣ, ಅಲ್ಲಾನ ಕಸಮ್, ಕಣ್ಣಾಗ ನೀರ ತರಿಸಿದಿ ನೋಡಪಾ” ಎಂದುಬಿಟ್ಟ.

ಬಸಣ್ಣ! ನಿನ್ನೆಯ ತನಕ ಬಸ್ಯಾ. ಮೂಗು ಸೋರಿಸಿಕೊಂಡು ಅಂಗಡಿಯ ಮುಂದೆ ಪೆಪ್ಪರಮೆಂಟಿಗೆ ಅಳುತ್ತಿದ್ದ ಬಸ್ಯಾ. ಶಿವನಪ್ಪನಿಗೆ ಆ ‘ಅಣ್ಣ’ ಅನ್ನುವುದು ಅನ್ನದಲ್ಲಿ ಸಿಕ್ಕ ಹರಳಿನಂತೆ ಹಲ್ಲಿಗೆ ತಾಕಿತು.

ಮನೆಗೆ ಹೋದರೆ ಅಲ್ಲಿಯೂ ಬಿಡುಗಡೆಯಿಲ್ಲ. ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು, ಬಾಯಲ್ಲಿ ಹೆಂಗಸರ ಹಾಡು:

ಸೌಲರಾಯ ಹೊಡೆದ ತಲಿ ಸಾವಿರ ತಂಗಿ
ನಮ್ಮ ದಾವೀದ ಹೊಡೆದ ತಲಿ ಹತ್ತ ಸಾವಿರ

ಒಂದೊಂದು ಸಾವಿರಕ್ಕೂ ರೊಟ್ಟಿಯ ಮೇಲೆ ಒಂದೊಂದು ಪೆಟ್ಟು.

“ಬ್ಯಾರೆ ಹಾಡು ಸಿಗಲಿಲ್ಲೇನ ನಿನಗ?”

“ಎಲ್ಲಾರೂ ಇದನ್ನ ಹಾಡಾಕ ಹತ್ತ್ಯಾರ. ನಳದ ಕಡೆ ಹೋಗ್ರಿ, ಅಲ್ಲೂ ಇದ. ಎಷ್ಟ ಚಲೋ ಐತಿ.”

“ಹತ್ತ ಸಾವಿರ ಎಲ್ಲಿ ಹೊಡೆದಾನ ಅಂವಾ? ಹೊಡೆದದ್ದು ಒಬ್ಬನ್ನ. ಅದೂ ಕಲ್ಲಿಲೆ!”

ನೀಲವ್ವ ಗಂಡನ ಮುಖ ನೋಡಿದಳು. “ಯಾರ ಮ್ಯಾಲ ಸಿಟ್ಟ ಇದು? ದಾವೀದನ ಮ್ಯಾಲೋ, ಬಸ್ಯಾನ ಮ್ಯಾಲೋ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿವನಪ್ಪ ಅರ್ಧ ರೊಟ್ಟಿಗೇ ಎದ್ದು ಕೈ ತೊಳೆದ.

ಹೊಟ್ಟೆಕಿಚ್ಚು ಎಂಬುದು ಸುಮ್ಮನೆ ಕೂರುವ ರೋಗವಲ್ಲ. ಅದಕ್ಕೆ ದಿನಾ ಏನಾದರೂ ಕೆಲಸ ಬೇಕು. ಶಿವನಪ್ಪ ದಂಡು ಕಟ್ಟತೊಡಗಿದ. ಮೊದಲು ಗರಡಿಮನೆಯ ಹುಡುಗರನ್ನೆಲ್ಲ ಸೌಲನ ಸೈನಿಕರೆಂದು ಸೇರಿಸಿಕೊಂಡ. ಟ್ರ್ಯಾಕ್ಟರಿನ ಟ್ರೇಲರ್ ತುಂಬ ಸೈನ್ಯ. ಆಮೇಲೆ ನರಗುಂದಕ್ಕೆ ಹೋಗಿ ಮೋದಿನಸಾಬನ ಮದುವೆ ಮೆರವಣಿಗೆಯ ಬಿಳಿ ಕುದುರೆ ಗೊತ್ತುಮಾಡಿ ಬಂದ. ಸೌಲ ಕುದುರೆಯ ಮೇಲೆ ಬರುತ್ತಾನೆ, ಹಿಂದೆ ಬ್ಯಾಂಡು, ಮುಂದೆ ಪಟಾಕಿ. ನೋಡೋಣ, ಆ ಕಂಬಳಿ ಹೊದ್ದವನನ್ನು ಯಾರು ನೋಡುತ್ತಾರೋ!

ಪಾಸ್ಟರ್ ಕೇಳಿ ನಕ್ಕರು. “ಕೆಲವರಿಗೆ ರಥದ ಧೈರ್ಯ, ಕೆಲವರಿಗೆ ಕುದುರಿ ಧೈರ್ಯ ಅಂತ ನಮ್ಮಲ್ಲೇ ಒಂದ ಮಾತೈತ್ರಿ. ಕುದುರಿ ಮ್ಯಾಲ ಭರವಸಿ ಇಟ್ಟವ ಬೀಳತಾನ ಅಂತ.”

“ನಾ ಬೀಳೂದಿಲ್ರಿ. ಸಣ್ಣಾಂವ ಇದ್ದಾಗಿಂದ ಕುದುರಿ ಹತ್ತೇನಿ” ಎಂದ ಶಿವನಪ್ಪ. ಇಂಥವನಿಗೆ ಏನು ಹೇಳುತ್ತೀರಿ?

ಕೊನೆಗೆ ಈಟಿ. ತಾಲೀಮಿನಲ್ಲಿ ಹಿಡಿಯುತ್ತಿದ್ದದ್ದು ಕಟ್ಟಿಗೆಯದು, ತುದಿಗೆ ಬೆಳ್ಳಿ ಕಾಗದ. ಆಟ ಎರಡು ದಿನ ಇದೆ ಎನ್ನುವಾಗ ಶಿವನಪ್ಪ ಕಮ್ಮಾರನ ಹತ್ತಿರ ಕಬ್ಬಿಣದ ಅಲಗು ಮಾಡಿಸಿ, ಬಿದಿರಿನ ಗಳಕ್ಕೆ ಹೂಡಿಸಿ ಚಾವಡಿಗೆ ತಂದ. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು.

ಜಂಗ್ಲಿಸಾಬನ ಮುಖ ಸಣ್ಣದಾಯಿತು. “ಖರೇ ಈಟಿ ಬ್ಯಾಡೋ ಶಿವನಪ್ಪ. ಆಟ ಅದು. ಕೈ ಹೆಚ್ಚುಕಮ್ಮಿ ಆದ್ರ?”

“ನನ್ನ ಕೈಗೆ ಹೆಚ್ಚುಕಮ್ಮಿ ಗೊತ್ತಿಲ್ಲ.”

“ಇರಲಿ ಬಿಡ್ರಿ ಕಾಕಾ” ಎಂದ ಬಸ್ಯಾ, ಈಟಿಯ ಅಲಗನ್ನು ಬೆರಳಿನಿಂದ ಮುಟ್ಟಿ ನೋಡುತ್ತ. “ಮಾಮಾ ಒಗಿಯೂ ಮುಂದ ನನಗೇನ ಅಂಜಿಕಿ? ಮಾಮಾ, ನೀ ಕಂಬಕ್ಕ ಒಗಿ. ನಾ ಮದ್ದಳಿ ಪೆಟ್ಟು ಬಿದ್ದ ಕೂಡ್ಲೆ ಬಗ್ಗತೇನಿ. ಕಂಬಕ್ಕ ನಟ್ಟು ನಿಂತ್ರ ಭಾರಿ ಕಾಣತೈತಿ ನೋಡು.”

ಅದರಲ್ಲಿ ಹೊಗಳಿಕೆಯೂ ಇರಲಿಲ್ಲ, ಬೆಣ್ಣೆ ಹಚ್ಚುವುದೂ ಇರಲಿಲ್ಲ. ಹುಡುಗನಿಗೆ ನಿಜಕ್ಕೂ ಭಯವಿರಲಿಲ್ಲ. ಶಿವನಪ್ಪನಿಗೆ ಅದನ್ನೂ ಸಹಿಸಲಾಗಲಿಲ್ಲ. ಹಾಡೂ ಇವನದು, ಹೆಸರೂ ಇವನದು, ಒಳ್ಳೆಯತನವೂ ಇವನದೇ ಆಗಬೇಕೇ? ನನಗೇನು ಉಳಿಯಿತು, ಬರೀ ಮೀಸೆಯೇ? ಆ ರಾತ್ರಿ ಈಟಿಯನ್ನು ತಲೆದೆಸೆಯಲ್ಲಿ ಗೋಡೆಗೆ ಆನಿಸಿ ಮಲಗಿದ. ನೀಲವ್ವ ಬೈದರೂ ತೆಗೆಯಲಿಲ್ಲ.

ಹಬ್ಬದ ದಿನ ಗಜೇಂದ್ರಗಡದಲ್ಲಿ ಸಂಜೆಗೇ ಆಟ ಶುರು. ಮೈಕಿಗೆ ಪರವಾನಗಿ ಹತ್ತರ ತನಕ ಮಾತ್ರ, ಬೆಳಗಿನವರೆಗೆ ಕುಣಿಯುವ ಕಾಲ ಹೋಯಿತು. ಸಭೆಯ ದೇವಾಲಯದ ಬಯಲಿನಲ್ಲಿ ಆಟದ ಅಟ್ಟ ಹಾಕಿದ್ದರು. ಸುತ್ತ ಜೋಳದ ತೆನೆ, ಕುಂಬಳಕಾಯಿ, ಮೆಣಸಿನಕಾಯಿಯ ಸರ ಕಟ್ಟಿದ್ದರು. ಸಭೆಯವರಷ್ಟೇ ಅಲ್ಲ, ಮಗ್ಗ ನಿಲ್ಲಿಸಿ ಬಂದ ನೇಕಾರರು, ರೋಣದಿಂದ ಬಸ್ಸಿಗೆ ಬಂದವರು, ಲಕ್ಕಲಕಟ್ಟಿಯಿಂದ ಟ್ರ್ಯಾಕ್ಟರಿನಲ್ಲಿ ಬಂದವರು, ಬಯಲು ಕಿಕ್ಕಿರಿದಿತ್ತು.

ಸೌಲನ ಪ್ರವೇಶ. ಬ್ಯಾಂಡು ಬಾರಿಸಿತು, ಪಟಾಕಿ ಹಾರಿತು, ಬಿಳಿ ಕುದುರೆ ಬಂತು. ಶಿವನಪ್ಪ ಕಿರೀಟ ಎತ್ತಿ, ಎದೆ ಉಬ್ಬಿಸಿ, ಈಟಿ ಮೇಲೆ ಮಾಡಿ ಕೂತಿದ್ದ. ಮಂದಿ ಹೋ ಎಂದರು. ಅಟ್ಟದ ಮುಂದೆ ಬಂದ ಕುದುರೆ ಅಲ್ಲಿಯೇ ನಿಂತು, ಬಾಲ ಎತ್ತಿ, ಮೈಕಿನ ಪೆಟ್ಟಿಗೆಯ ಪಕ್ಕದಲ್ಲೇ ಧಾರಾಳವಾಗಿ ಉಚ್ಚೆ ಹೊಯ್ಯಿತು. ನಕ್ಕರು ನೋಡಿ ಮಂದಿ, ಹೊಟ್ಟೆ ಹಿಡಿದುಕೊಂಡು ನಕ್ಕರು! ರಾಜ ಇಳಿಯುವಂತಿಲ್ಲ, ಮಾತಾಡುವಂತಿಲ್ಲ. ಕೊನೆಗೆ ಮೋದಿನಸಾಬ ಲಗಾಮು ಹಿಡಿದು ಎಳೆದೊಯ್ಯುವ ತನಕ ಶಿವನಪ್ಪ ಈಟಿ ಎತ್ತಿಕೊಂಡೇ ಕೂತಿದ್ದ. ಆಮೇಲೆ ಅವನು ಏನು ಗರ್ಜಿಸಿದರೂ, ಎಷ್ಟು ಕುಣಿದರೂ, ಯಾರೋ ಒಬ್ಬರು ಹಿಂದಿನಿಂದ ‘ಕುದುರಿ ಎಲ್ಲೈತ್ರಿ?’ ಎನ್ನುತ್ತಿದ್ದರು.

ಕನಕಪ್ಪ ಬಂದು ಗುಡುಗಿದ. ಟ್ರೇಲರ್ ತುಂಬ ಬಂದ ಸೈನ್ಯ ಮೂಲೆಯಲ್ಲಿ ಮುದುಡಿತು. ಆಗ ಬಸ್ಯಾ ಬಂದ. ಬರಿಗಾಲು, ಕಂಬಳಿ, ಕವಣೆ. ಬಂದವನು ಕುಣಿಯಲೂ ಇಲ್ಲ. ನಿಂತ, ಒಂದು ಪದ ಎತ್ತಿದ. ಅಷ್ಟು ದೊಡ್ಡ ಬಯಲಿನಲ್ಲಿ ಕಡಲೆಕಾಯಿ ಸುಲಿಯುವ ಸಪ್ಪಳ ನಿಂತುಹೋಯಿತು. ಶಿವನಪ್ಪನಿಗೆ ಗೊತ್ತು, ಇಪ್ಪತ್ತೈದು ವರ್ಷದಲ್ಲಿ ತನಗೆ ಮಂದಿ ಕೂಗಿದ್ದಾರೆ, ಸೀಟಿ ಹೊಡೆದಿದ್ದಾರೆ, ಟಾವೆಲ್ ಹೊದಿಸಿದ್ದಾರೆ. ಹೀಗೆ ಸುಮ್ಮನಾಗಿಲ್ಲ. ಒಮ್ಮೆಯೂ ಸುಮ್ಮನಾಗಿಲ್ಲ.

ಗೊಲ್ಯಾತ ಬಿದ್ದ. ಸಭೆಯ ಹೆಂಗಸರು ಸಾಲಾಗಿ ಬಂದು ಹಾಡಿದರು, ಸೌಲರಾಯ ಹೊಡೆದ ತಲಿ ಸಾವಿರ. ಮುಗಿಯುವುದೇ ತಡ, ಬಯಲೆಲ್ಲ ಒಂದೇ ಕೂಗು: “ವನ್ಸ್ ಮೋರ್!”

ಈ ಕಡೆಯ ಆಟಗಳಲ್ಲಿ ವನ್ಸ್ ಮೋರ್ ಬಿತ್ತು ಎಂದರೆ ಮೀರುವಂತಿಲ್ಲ. ಸತ್ತವನೂ ಎದ್ದು ಇನ್ನೊಮ್ಮೆ ಸಾಯಬೇಕು. ಅದು ಮಂದಿಯ ಅಪ್ಪಣೆ, ಮೇಳದ ಮರ್ಯಾದೆ. ಹೆಂಗಸರು ಮತ್ತೆ ಹಾಡಿದರು. ಮತ್ತೆ ವನ್ಸ್ ಮೋರ್. ಮೂರನೆಯ ಸಲ ಬಯಲಿನ ಮಂದಿಯೂ ದನಿಗೂಡಿಸಿತು. ಮುಂದಿನ ಸಾಲಿನಲ್ಲಿ ಕೂತ ನೀಲವ್ವ ಚಪ್ಪಾಳೆ ತಟ್ಟಿ ಹಾಡುತ್ತಿದ್ದುದು ಶಿವನಪ್ಪನಿಗೆ ನಿಚ್ಚಳವಾಗಿ ಕಂಡಿತು. ಅವನು ಸಿಂಹಾಸನದ ಪಕ್ಕ ನಿಂತು ಅಷ್ಟನ್ನೂ ಕೇಳಬೇಕು. ಪಾರ್ಟೇ ಹಾಗೆ. ಸೌಲನಿಗೆ ಏನಾಗಿತ್ತೋ ಪಾಸ್ಟರ್‌ಗೆ ಗೊತ್ತು, ಶಿವನಪ್ಪನಿಗೆ ಆದದ್ದು ಮಾತ್ರ ಖರೆ. ಹೊಟ್ಟೆಯ ಒಳಗಿಂದ ಎದ್ದ ಉರಿ ಕಿರೀಟದ ತನಕ ಏರಿತು.

ಮುಂದಿನದು ಅರಮನೆ. ಸೌಲ ಸಿಂಹಾಸನದ ಮೇಲೆ, ಕೈಯಲ್ಲಿ ಈಟಿ. ದಾವೀದ ಬಲಗಡೆಯ ಕಂಬದ ಹತ್ತಿರ ನಿಂತು, ಏಕತಾರಿ ಮೀಟುತ್ತ ಹಾಡಬೇಕು. ಪದ ಮುಗಿದಾಗ ಮದ್ದಳೆಯ ಪೆಟ್ಟು ಬೀಳಬೇಕು, ಬಸ್ಯಾ ಬಗ್ಗಬೇಕು, ಈಟಿ ಕಂಬಕ್ಕೆ ನಡಬೇಕು.

ಬಸ್ಯಾ ಹಾಡಿದ. ಪದ ಮುಗಿಯಲು ಇನ್ನೂ ಒಂದು ಸಾಲು ಇತ್ತು. ಮದ್ದಳೆಯವನ ಕೈ ಇನ್ನೂ ಮೇಲೆ ಎದ್ದಿರಲಿಲ್ಲ.

ಈಟಿ ಹೋಯಿತು.

ಕೈ ಜಾರಿತೇ? ಇಲ್ಲ. ಎಲ್ಲಿ ಬೇಕಾದರೂ ಬಣ್ಣ ಹಚ್ಚಬಹುದು, ಇಲ್ಲಿ ಹಚ್ಚಬಾರದು. ಶಿವನಪ್ಪ ಕಂಬವನ್ನು ನೋಡಲೇ ಇಲ್ಲ. ಹುಡುಗನ ಗಂಟಲನ್ನು ನೋಡಿದ, ಆ ಹಾಡು ಬರುತ್ತಿದ್ದ ಜಾಗವನ್ನು ನೋಡಿದ, ಒಗೆದ. ಅದೇ ಗಳಿಗೆಗೆ ಬಸ್ಯಾ, ಹಾಡು ಮಾಮಾನಿಗೆ ಹಿಡಿಸಿತೋ ಇಲ್ಲವೋ ಎಂದು ನೋಡಲು ಇತ್ತ ತಿರುಗಿದ. ತಿರುಗಿದ್ದಕ್ಕೆ ಉಳಿದ. ಈಟಿ ಏಕತಾರಿಯ ತಂತಿ ಹರಿದು, ಹೆಗಲ ಕಂಬಳಿಯನ್ನು ಚುಚ್ಚಿಕೊಂಡು ಕಂಬಕ್ಕೆ ನಟ್ಟು ಗಡಗಡ ನಡುಗುತ್ತ ನಿಂತಿತು. ಅವನ ಕಿವಿಯ ಕೆಳಗೆ ಒಂದು ಗೆರೆ ಕೆಂಪಾಯಿತು.

 ಬಯಲಿಗೆ ಬಯಲೇ ಎದ್ದು ಕೂಗಿತು! ಸೀಟಿ, ಚಪ್ಪಾಳೆ, ಕೇಕೆ, ಟಾವೆಲ್ಲುಗಳು ಗಾಳಿಯಲ್ಲಿ. ಶಿವನಪ್ಪನ ಜನ್ಮದಲ್ಲೇ ಇಂಥ ಕೂಗು ಬಿದ್ದಿರಲಿಲ್ಲ. “ಭಲೇ ಶಿವನಪ್ಪ!” ಎಂದರು. ಕುದುರೆಯ ಮಾತು ಎತ್ತಿದವನೇ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ: “ವನ್ಸ್ ಮೋರ್!”

“ವನ್ಸ್ ಮೋರ್! ವನ್ಸ್ ಮೋರ್!”

ಜಂಗ್ಲಿಸಾಬನ ಕೈಯಲ್ಲಿ ತಾಳ ನಿಂತಿತ್ತು. ಅವನಿಗೆ ಗೊತ್ತಾಗಿತ್ತು. ಮೈಕಿನ ಹತ್ತಿರ ಬಂದು, “ಶಾಂತ ಆಗ್ರಿ, ಮುಂದಿನ ಪ್ರವೇಶ...” ಎಂದ. ಯಾರು ಕೇಳುತ್ತಾರೆ? ಮುಂದೆ ಕೂತಿದ್ದ ಪಾಸ್ಟರ್ ದೇವಪುತ್ರಪ್ಪ, ಪಾಪ, ಸಂತೋಷ ತಡೆಯಲಾರದೆ ಎದ್ದು ನಿಂತು, “ಮಾಡ್ರಿ, ಮಾಡ್ರಿ! ಎರಡ ಸಲ ಒಗೆದ ಅಂತನ ಬರದೈತಿ!” ಎಂದರು.

ಶಿವನಪ್ಪ ಬರಿಗೈಯಲ್ಲಿ ನಿಂತಿದ್ದ.

ಬಸ್ಯಾ ಕಂಬಳಿಯನ್ನು ಬಿಡಿಸಿಕೊಂಡ. ಎರಡು ಕೈ ಹಚ್ಚಿ ಈಟಿ ಕಿತ್ತ. ಅದನ್ನು ಹಿಡಿದು ಅಟ್ಟ ದಾಟಿ ಶಿವನಪ್ಪನ ಎದುರಿಗೆ ಬಂದು ನಿಂತ. ಮಂದಿಗೆ ಇದೂ ಆಟದ್ದೇ ಎನಿಸಿ ಇನ್ನಷ್ಟು ಕೂಗಿದರು. ಶಿವನಪ್ಪ ಹೆದರಿದ. ಇಷ್ಟು ದಿನ ತಾಲೀಮಿನಲ್ಲಿ ಹೆದರಿಕೆಯನ್ನು ಬರೀ ನಟಿಸಿದ್ದವನು, ಈಗ ನಿಜಕ್ಕೂ ಹೆದರಿದ. ಆದರೆ ಬಸ್ಯಾ ಈಟಿಯ ಹಿಡಿಯನ್ನು ಅವನ ಕೈಗೆ ಕೊಟ್ಟ, ಅಲಗು ತನ್ನ ಕಡೆಗೇ ಇತ್ತು.

“ತಗೋರಿ” ಎಂದ. “ಒಗೀರಿ.”

ಹುಟ್ಟಿದಾಗಿನಿಂದ ಮಾಮಾನಿಗೆ ‘ನೀ’ ಎಂದವನು! ತೊಡೆಯ ಮೇಲೆ ಕೂತು ಮೀಸೆ ಎಳೆದವನು. ಯಾವ ಮಾವನಿಗೂ ಆ ‘ರಿ’ ಗೌರವವಾಗಿ ಕೇಳಿಸಲಿಕ್ಕಿಲ್ಲ.

“ಬಸ್ಯಾ, ಅದು... ಕೈ...”

ಬಸ್ಯಾ ಆಗಲೇ ತಿರುಗಿ ನಡೆದಿದ್ದ. ಕಂಬದ ಹತ್ತಿರ ಹೋದ, ಈ ಸಲ ಪಕ್ಕಕ್ಕಲ್ಲ, ಕಂಬಕ್ಕೆ ಬೆನ್ನು ಹಚ್ಚಿ ನೆಟ್ಟಗೆ ನಿಂತ. ಕೈಯಲ್ಲಿ ಕವಣೆಯೂ ಇರಲಿಲ್ಲ.

ಮದ್ದಳೆಯವನು ಏನೂ ತಿಳಿಯದೆ ಬಾರಿಸತೊಡಗಿದ. ಬಯಲು ತಾಳಕ್ಕೆ ಸರಿಯಾಗಿ ವನ್ಸ್ ಮೋರ್ ಅನ್ನುತ್ತಿತ್ತು. ಇಪ್ಪತ್ತೈದು ವರ್ಷದಲ್ಲಿ ಶಿವನಪ್ಪ ಮಂದಿಯ ಆ ಮಾತನ್ನು ಒಮ್ಮೆಯೂ ಮೀರಿದವನಲ್ಲ. ತಾನಾಗಿಯೇ ಕೈ ಮೇಲೆದ್ದಿತು. ಮೇಲೆದ್ದ ಕೈ ಅಲ್ಲೇ ನಿಂತಿತು. ಮೂರು ಹೆಜ್ಜೆ ಮುಂದೆ ಬಂದು, ಮೈಕಿಗೆ ಕೇಳದ ಹಾಗೆ ಬೇಡಿಕೊಂಡ:

“ಬಗ್ಗೋ ಬಸ್ಯಾ. ನಿನ್ನ ಕೈ ಮುಗಿತೇನಿ, ಬಗ್ಗೋ.”

“ನಾ ಬಗ್ಗಿದ್ರ ನೀವು ಒಗೀತೀರಿ” ಎಂದ ಬಸ್ಯಾ.

ಆಗಲೂ, ನೋಡಿ, ಆ ಹೊತ್ತಿನಲ್ಲೂ ಶಿವನಪ್ಪನಿಗೆ ಹೊಟ್ಟೆ ಉರಿಯಿತು. ಹಾಡಿಗಲ್ಲ, ಹೆಸರಿಗಲ್ಲ. ಒಂದು ಕಡ್ಡಿಯೂ ಕೈಯಲ್ಲಿಲ್ಲದೆ ಹಾಗೆ ನಿಲ್ಲಲು ಬರುತ್ತದಲ್ಲ ಇವನಿಗೆ, ಅದಕ್ಕೆ. ಕಿರೀಟ, ಕವಚ, ಕುದುರೆ, ದಂಡು, ಈಟಿ, ಎಲ್ಲ ಇಟ್ಟುಕೊಂಡು ತನಗೆ ಒಂದು ದಿನವೂ ಹಾಗೆ ನಿಲ್ಲಲು ಬಂದಿರಲಿಲ್ಲ.

ಕೈ ಇಳಿಯಿತು. ಈಟಿ ಹಲಗೆಯ ಮೇಲೆ ಬಿದ್ದು ಉರುಳಿ ಅಟ್ಟದ ಅಂಚಿಗೆ ಹೋಗಿ ನಿಂತಿತು.

“ಅಯ್ಯಯ್ಯ, ರಾಜಾ ದಣದಾನಪಾ!” ಎಂದ ಬೆಂಚಿನ ಮೇಲಿನವನು. ಮಂದಿ ನಕ್ಕರು. ಸೀಟಿ ಹೋಗಿ ಗೇಲಿಯಾಯಿತು. ಯಾರೋ ಕುದುರೆಯಂತೆ ಕೆನೆದರು. ಶಿವನಪ್ಪ ಹೋಗಿ ಸಿಂಹಾಸನದ ಮೇಲೆ ಕೂತ. ಕಿರೀಟ ಭಾರವಾಗಿ ಮುಂದಕ್ಕೆ ಜಾರಿತು, ಸರಿಮಾಡಿಕೊಳ್ಳಲಿಲ್ಲ. ಮುಂದಿನ ಸಾಲಿನಲ್ಲಿ ನೀಲವ್ವ ನಗುತ್ತಿರಲಿಲ್ಲ. ಅವಳು ಹುಡುಗನ ಕಿವಿಯ ಕೆಳಗಿನ ಕೆಂಪನ್ನೇ ನೋಡುತ್ತಿದ್ದಳು, ಆಮೇಲೆ ಗಂಡನನ್ನು ನೋಡಿದಳು.

ಉಳಿದದ್ದು ಪದದ ಆ ಒಂದು ಸಾಲು. ಬಸ್ಯಾ ತಂತಿ ಹರಿದ ಏಕತಾರಿ ಎತ್ತಿಕೊಂಡು, ಶ್ರುತಿಯಿಲ್ಲದೆ ಬರಿ ದನಿಯಲ್ಲಿ ಹಾಡಿದ. ಬಯಲು ಮತ್ತೆ ಸುಮ್ಮನಾಯಿತು. ಶಿವನಪ್ಪ ಕೇಳಿದ. ಇಷ್ಟು ದಿನದ ತಾಲೀಮಿನಲ್ಲಿ ಅವನು ಮಂದಿಯ ಮುಖ ನೋಡಿದ್ದೇ ಆಯಿತು, ಹಾಡು ಕೇಳಿರಲಿಲ್ಲ. ಚಲೋ ಇತ್ತು. ಭಾಳ ಚಲೋ ಇತ್ತು. ತಾನು ಕಲಿಸಿದ ತಾಳ ಅದರಲ್ಲಿ ಎಲ್ಲೂ ತಪ್ಪಿರಲಿಲ್ಲ.

ಹಾಡು ಮುಗಿಯಿತು. ವನ್ಸ್ ಮೋರ್ ಎಂದರು. ಬಸ್ಯಾ ಆಗದು ಎಂದು ಮಂದಿಗೆ ಕೈ ಮುಗಿದ. ಆಮೇಲೆ ಸಿಂಹಾಸನದ ಕಡೆ ತಿರುಗಿ, ಬೇರೆ ಊರಿನ ಹಿರಿಯರಿಗೆ ಮುಗಿಯುವ ಹಾಗೆ, ಅವನಿಗೂ ಕೈ ಮುಗಿದು ಅಟ್ಟ ಇಳಿದು ಹೋದ.